ರಸ್ತೆಗೆ ಬಿದ್ದದ್ದು ಎಲ್ಲಿಗೆ ಹೋಗುತ್ತದೆ



ದಿನದ ಬದುಕಿಗೆ ಹತ್ತಿರವಾದ ರಸಾಯನಶಾಸ್ತ್ರದ ಒಂದು ವಿಷಯ ಆರಿಸಿಕೊಳ್ಳಿ ಎಂದು ಈ ದತ್ತಿ ಉಪನ್ಯಾಸದ ಸಂಘಟಕರು ಕೇಳಿದಾಗ ನಾನು ರಸ್ತೆಯನ್ನು ಆರಿಸಿಕೊಂಡೆ. ಡಾಂಬರು ರಸ್ತೆ, ಕಾಂಕ್ರೀಟ್ ರಸ್ತೆ, ಅಪಾರ್ಟ್‌ಮೆಂಟಿನ ಪಾರ್ಕಿಂಗ್, ಪೆಟ್ರೋಲ್ ಬಂಕಿನ ಅಂಗಳ, ಬಸ್ ಡಿಪೊ, ಮೇಲ್ಸೇತುವೆ, ಹೀಗೆ ನೀರು ಇಂಗದಂತೆ ನಾವು ಗಟ್ಟಿ ಮಾಡಿದ ನೆಲವೆಲ್ಲ ಈ ಮಾತಿನಲ್ಲಿ ಸೇರುತ್ತದೆ. ರಸ್ತೆಯ ಗುಂಡಿಗಳ ಬಗ್ಗೆ ನಾವು ಮಾತಾಡುತ್ತೇವೆ, ಮಾತಾಡಲೇಬೇಕು. ಆ ನೆಲದ ಮೇಲೆ ದಿನವೂ ಕೂರುವ ರಾಸಾಯನಿಕಗಳ ಬಗ್ಗೆ ಮಾತಾಡುವುದು ಅಪರೂಪ. ಸೋರಿದ ಎಂಜಿನ್ ಆಯಿಲ್, ಚೆಲ್ಲಿದ ಡೀಸೆಲ್, ಟೈರು ಸವೆದ ಪುಡಿ, ಬ್ರೇಕಿನ ಪುಡಿ, ನೆಲಕ್ಕೆ ನಾವೇ ಬಳಿದ ಲೇಪ, ಇವೆಲ್ಲ ಒಂದು ಜೋರು ಮಳೆಗೆ ಕಣ್ಮರೆಯಾಗುತ್ತವೆ. ಎಲ್ಲಿಗೆ ಹೋದವು, ಯಾರ ಮೈ ಸೇರಿದವು, ಎಲ್ಲಿ ತಡೆಯಬಹುದಿತ್ತು ಎನ್ನುವುದು ನನ್ನ ಇವತ್ತಿನ ಪ್ರಶ್ನೆ.

ಉತ್ತರಕ್ಕಾಗಿ ಮೊದಲು ಅಮೆರಿಕದ ಟೆಕ್ಸಸ್ ರಾಜ್ಯದ ರಾಜಧಾನಿ ಆಸ್ಟಿನ್‌ಗೆ ಹೋಗೋಣ. ಅಷ್ಟು ದೂರ ಹೋಗುವುದಕ್ಕೆ ಕಾರಣವಿದೆ. ಅಲ್ಲಿ ಮಾಲಿನ್ಯದ ಮೂಲ ಪತ್ತೆಯಾಯಿತು, ಕಾನೂನು ಬಂತು, ಕಾನೂನಿನಿಂದ ಫಲ ಸಿಕ್ಕಿತೇ ಎಂದು ವರ್ಷಗಳ ನಂತರ ಅಳೆದೂ ನೋಡಿದರು. ಮೂರೂ ಒಂದೇ ಊರಿನಲ್ಲಿ ನಡೆದ ಉದಾಹರಣೆಗಳು ಹೆಚ್ಚು ಸಿಗುವುದಿಲ್ಲ.

ಆಸ್ಟಿನ್ ನಗರದ ನಡುವೆ ಬಾರ್ಟನ್ ಸ್ಪ್ರಿಂಗ್ಸ್ ಎಂಬ ಒರತೆಗಳಿವೆ. ಸುಣ್ಣಕಲ್ಲಿನ ಪದರಗಳ ಒಳಗಿಂದ ಉಕ್ಕುವ ಆ ನೀರು ವರ್ಷವಿಡೀ ಸುಮಾರು 20-21 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರುತ್ತದೆ. ಊರಿನ ಜನ ತಲೆಮಾರುಗಳಿಂದ ಅಲ್ಲಿ ಈಜುತ್ತಾರೆ. ಆ ಒರತೆಗಳ ಆಸುಪಾಸಿನಲ್ಲಿ ಬದುಕುವ ಒಂದು ಪುಟ್ಟ ಸ್ಯಾಲಮಾಂಡರ್ ಕೂಡ ಇದೆ. 1997ರಲ್ಲಿ ಅದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿದರು. ಈ ನೀರಿನ ಸುತ್ತಲಿನ ತೊರೆಗಳ ಹೂಳಿನಲ್ಲಿ ನಗರಾಡಳಿತದ ವಿಜ್ಞಾನಿಗಳಿಗೆ ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್‌ಗಳು, ಚಿಕ್ಕದಾಗಿ ಪಿಎಎಚ್‌ಗಳು, ಆತಂಕಪಡುವಷ್ಟು ಸಿಕ್ಕವು. ಬೆಂಜೀನ್ ಉಂಗುರಗಳು ಒಂದಕ್ಕೊಂದು ಬೆಸೆದುಕೊಂಡ ಅಣುಗಳಿವು. ಕಟ್ಟಿಗೆ, ಕಲ್ಲಿದ್ದಲು, ಡೀಸೆಲ್, ಯಾವುದೇ ಆದರೂ ಸಾಕಷ್ಟು ಗಾಳಿ ಸಿಗದೆ ಉರಿದಾಗ ಹುಟ್ಟುತ್ತವೆ. ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತವೆ, ಕಣದ ಜೊತೆ ಹರಿದು ಕೆರೆಯ ತಳ ಸೇರುತ್ತವೆ. 2003ರಲ್ಲಿ ಈಜುಕೊಳವನ್ನು ಕೆಲಕಾಲ ಮುಚ್ಚಿ, ಅಪಾಯವಿಲ್ಲವೆಂದು ಆರೋಗ್ಯ ಇಲಾಖೆಗಳು ಹೇಳಿದ ಮೇಲೆಯೇ ತೆರೆದರು.

ನಗರದಲ್ಲಿ ಪಿಎಎಚ್ ಎಂದರೆ ಎಲ್ಲರ ಬೆರಳೂ ವಾಹನಗಳ ಹೊಗೆಯ ಕಡೆಗೇ ಹೋಗುತ್ತದೆ. ಆಸ್ಟಿನ್‌ನವರು ಅಷ್ಟಕ್ಕೆ ನಿಲ್ಲಲಿಲ್ಲ. ತೊರೆಗುಂಟ ಮೇಲಕ್ಕೆ ನಡೆದು, ಹೂಳಿನ ಮಾದರಿ ತೆಗೆಯುತ್ತಾ, ಅಂಶ ಹಠಾತ್ತನೆ ಏರುವ ಜಾಗ ಯಾವುದೆಂದು ನೋಡಿದರು. ಅಲ್ಲೊಂದು ಪಾರ್ಕಿಂಗ್ ಜಾಗವಿತ್ತು. ಅದರ ಮೇಲೆ ಕರ‍್ರಗೆ ಹೊಳೆಯುವ ಲೇಪವಿತ್ತು.

ಅಮೆರಿಕದಲ್ಲಿ ಪಾರ್ಕಿಂಗ್ ಜಾಗಕ್ಕೆ, ಮನೆಯ ಮುಂದಿನ ಕಾರುದಾರಿಗೆ, ಕೆಲವು ವರ್ಷಗಳಿಗೊಮ್ಮೆ ಸೀಲ್‌ಕೋಟ್ ಎಂಬ ಕಪ್ಪು ಲೇಪ ಬಳಿಯುವ ರೂಢಿಯಿದೆ. ನೆಲ ಹೊಸದರಂತೆ ಕಾಣುತ್ತದೆ, ಬಿಸಿಲಿಗೂ ಎಣ್ಣೆಗೂ ಸ್ವಲ್ಪ ತಡೆದುಕೊಳ್ಳುತ್ತದೆ. ಈ ಲೇಪದಲ್ಲಿ ಎರಡು ಜಾತಿ. ಒಂದು ಪೆಟ್ರೋಲಿಯಂನಿಂದ ಬರುವ ಬಿಟುಮೆನ್‌ನದು; ನಮ್ಮ ಇಂದಿನ ಡಾಂಬರು ರಸ್ತೆಗಳಿಗೆ ಹಾಕುವುದೂ ಬಿಟುಮೆನ್ನೇ. ಇನ್ನೊಂದು ಕಲ್ಲಿದ್ದಲ ಟಾರಿನದು. ಉಕ್ಕಿನ ಕಾರ್ಖಾನೆಗೆ ಬೇಕಾದ ಕೋಕ್ ತಯಾರಿಸಲು ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಯಿಸಿದಾಗ ಹೊರಬರುವ ಉಪವಸ್ತು ಅದು. ಕಾಣಲು ಎರಡೂ ಒಂದೇ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಯುಎಸ್‌ಜಿಎಸ್, ಲೆಕ್ಕ ಹಾಕಿದಂತೆ ಟಾರಿನ ಲೇಪದಲ್ಲಿರುವ ಪಿಎಎಚ್ ಬಿಟುಮೆನ್ ಲೇಪದ ಸುಮಾರು 1000 ಪಟ್ಟು.

ಟಾರಿನ ಕೆಡುಕು ಜಗತ್ತಿಗೆ ಹೊಸ ಸುದ್ದಿಯಾಗಿರಲಿಲ್ಲ ಎನ್ನುವುದು ನನ್ನನ್ನು ಇಂದಿಗೂ ಕಾಡುತ್ತದೆ. 1775ರಲ್ಲೇ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಹೊಗೆಕೊಳವೆ ಶುಚಿಮಾಡುವ ಹುಡುಗರು ದೊಡ್ಡವರಾದಾಗ ಅವರ ವೃಷಣಚೀಲದ ಚರ್ಮಕ್ಕೆ ಬರುವ ಕ್ಯಾನ್ಸರಿಗೆ ಕಲ್ಲಿದ್ದಲ ಮಸಿಯೇ ಕಾರಣವೆಂದು ಬರೆದ. 1915ರಲ್ಲಿ ಜಪಾನಿನ ಯಾಮಾಗಿವ ಮತ್ತು ಇಚಿಕಾವ ಮೊಲಗಳ ಕಿವಿಗೆ ಕಲ್ಲಿದ್ದಲ ಟಾರನ್ನು ತಿಂಗಳುಗಟ್ಟಲೆ ಹಚ್ಚಿ ಕ್ಯಾನ್ಸರ್ ಬರಿಸಿ ತೋರಿಸಿದರು. 1930ರ ದಶಕದಲ್ಲಿ ಲಂಡನ್ನಿನ ಕೆನವೇ ತಂಡ ಅದೇ ಟಾರಿನಿಂದ ಬೆಂಜೊಪೈರೀನ್ ಎಂಬ ಅಣುವನ್ನು ಬೇರ್ಪಡಿಸಿ, ಕ್ಯಾನ್ಸರ್ ತರುವ ವಸ್ತು ಇದೆಂದು ಗುರುತಿಸಿತು. ವೈದ್ಯರಿಗೆ ಇದೆಲ್ಲ ಗೊತ್ತಿತ್ತು. ನೆಲಕ್ಕೆ ಲೇಪ ಬಳಿಯುವವರಿಗೆ ಆ ತಿಳಿವಳಿಕೆ ತಲುಪಲಿಲ್ಲ. ಮಕ್ಕಳು ಸೈಕಲ್ ಕಲಿಯುವ ನೆಲಕ್ಕೆ ಅದೇ ವಸ್ತುವನ್ನು ಬಳಿಯುತ್ತಾ ಹೋದರು.

ಯುಎಸ್‌ಜಿಎಸ್‌ನ ಬಾರ್ಬರಾ ಮಾಲರ್, ಪೀಟರ್ ವ್ಯಾನ್ ಮೀಟರ್ ಮತ್ತು ಆಸ್ಟಿನ್ ನಗರಾಡಳಿತದ ಸಂಗಡಿಗರು ಬೇರೆ ಬೇರೆ ಪಾರ್ಕಿಂಗ್ ಜಾಗಗಳ ಮೇಲೆ ನೀರು ಹಾಯಿಸಿ, ಹರಿದು ಬಂದ ಕಣಗಳನ್ನು ಹಿಡಿದು ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಟಾರಿನ ಲೇಪವಿದ್ದ ಕಡೆಯ ಕಣಗಳಲ್ಲಿ ಕಿಲೋಗೆ ಸರಾಸರಿ 3500 ಮಿಲಿಗ್ರಾಂ ಪಿಎಎಚ್, ಲೇಪವೇ ಇಲ್ಲದ ಕಡೆ 54 ಮಿಲಿಗ್ರಾಂ. ಎರಡೂ ಕಡೆ ಕಾರು ನಿಲ್ಲುತ್ತವೆ, ಎರಡೂ ಕಡೆ ಎಣ್ಣೆ ತೊಟ್ಟಿಕ್ಕುತ್ತದೆ, ಹೊಗೆಯೂ ಎರಡು ಕಡೆಗೂ ಇದ್ದದ್ದೇ. ಸುಮಾರು 65 ಪಟ್ಟಿನ ಆ ಅಂತರಕ್ಕೆ ಲೇಪವನ್ನು ಬಿಟ್ಟು ಬೇರೆ ಕಾರಣ ಹುಡುಕುವುದು ಕಷ್ಟ. ಅದೇ ವರ್ಷದ ಕೊನೆಗೆ ನಗರಸಭೆ ನಿಷೇಧ ತಂದಿತು. 2006ರ ಜನವರಿ 1ರಿಂದ ಜಾರಿ. ಅಮೆರಿಕದಲ್ಲಿ ಅಂಥ ನಿಷೇಧ ತಂದ ಮೊದಲ ನಗರ ಅದು. ಲೇಪ ತಯಾರಕರು ವಿಜ್ಞಾನಿಗಳ ಲೆಕ್ಕವನ್ನು ಮುಂದೆ ಹಲವು ವರ್ಷ ಪ್ರಶ್ನಿಸುತ್ತಲೇ ಇದ್ದರು. ಆ ವಾದ ಮುಗಿಯಲಿ ಎಂದು ಕಾದಿದ್ದರೆ ಅಷ್ಟು ವರ್ಷವೂ ಲೇಪ ಬೀಳುತ್ತಲೇ ಇರುತ್ತಿತ್ತು. ಬದಲಿ ವಸ್ತು ಅದೇ ಅಂಗಡಿಯಲ್ಲಿ ಸಿಗುತ್ತಿರುವಾಗ ಕಾಯುವುದಕ್ಕೆ ನ್ಯಾಯವಿರಲಿಲ್ಲ; ನಗರಸಭೆ ಮಾಡಿದ್ದು ಸರಿ ಎಂದೇ ನಾನು ತಿಳಿದಿದ್ದೇನೆ.

ಕತೆ ಅಂಗಳದಲ್ಲೇ ನಿಲ್ಲಲಿಲ್ಲ. ಇದೇ ತಂಡ ಆಸ್ಟಿನ್‌ನ 23 ಅಪಾರ್ಟ್‌ಮೆಂಟುಗಳ ಒಳಗಿನ ಧೂಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಟಾರು ಬಳಿದ ಪಾರ್ಕಿಂಗ್ ಇದ್ದ ಮನೆಗಳ ಧೂಳಿನಲ್ಲಿ ಪಿಎಎಚ್ ಉಳಿದ ಮನೆಗಳ 25 ಪಟ್ಟು. ಚಪ್ಪಲಿಗೆ ಅಂಟಿ, ಗಾಳಿಗೆ ಹಾರಿ, ಪುಡಿ ಒಳಕ್ಕೆ ಬಂದಿತ್ತು. ನೆಲದ ಮೇಲೆ ಅಂಬೆಗಾಲಿಡುವ ಕೂಸು ಕೈಯನ್ನು ಬಾಯಿಗೆ ಇಡುತ್ತದೆ. ಹೊರಗಿನ ನೆಲಕ್ಕೆ ಏನು ಬಳಿಯಬೇಕು ಎಂದು ಒಬ್ಬ ಗುತ್ತಿಗೆದಾರ ಮಾಡುವ ಆಯ್ಕೆ ಆ ಕೂಸಿನ ಬಾಯಿಯವರೆಗೆ ಹೋಗುತ್ತದೆ.

ನಿಷೇಧದ ನಂತರ ಏನಾಯಿತು? ಊರಿನ ನಡುವಿನ ಲೇಡಿ ಬರ್ಡ್ ಕೆರೆಯ ಹೂಳನ್ನು ಪದರ ಪದರವಾಗಿ ನೋಡಿ, 2014ರಲ್ಲಿ ಯುಎಸ್‌ಜಿಎಸ್ ತಿಳಿಸಿದ್ದು: ಪಿಎಎಚ್ ಸರಾಸರಿ ಶೇ. 58ರಷ್ಟು ಇಳಿದಿದೆ. ಯಾರೂ ಕೆರೆಯನ್ನು ತೋಡಲಿಲ್ಲ, ಯಂತ್ರ ತಂದು ನೀರು ಶುದ್ಧ ಮಾಡಲಿಲ್ಲ. ಬಳಿಯುವುದನ್ನು ನಿಲ್ಲಿಸಿದರು, ಅಷ್ಟೇ. ಮೊದಲೇ ಬಳಿದದ್ದು ಸವೆದು ಮುಗಿಯುವವರೆಗೆ ಅಂಶ ಸೋರುತ್ತಲೇ ಇರುತ್ತದೆ, ಆದ್ದರಿಂದ ಇಳಿಕೆ ನಿಧಾನ. 2011ರಲ್ಲಿ ವಾಷಿಂಗ್ಟನ್ ರಾಜ್ಯ, ಬಳಿಕ ಮಿನೆಸೋಟ ಇದೇ ದಾರಿ ಹಿಡಿದವು. ನಮ್ಮ ದೇಶದಲ್ಲೂ ಇಂಥ ಒಂದು ಗೆಲುವಿದೆ. 2000ದಲ್ಲಿ ಸೀಸವಿಲ್ಲದ ಪೆಟ್ರೋಲ್ ದೇಶಕ್ಕೆಲ್ಲ ಬಂದ ಮೇಲೆ ರಸ್ತೆಯ ಧೂಳಿಗೆ ಹೊಸ ಸೀಸ ಬೀಳುವ ಆ ದೊಡ್ಡ ಬಾಗಿಲು ಮುಚ್ಚಿತು.

ಈಗ ರಸ್ತೆಯ ಧೂಳಿನ ಕಡೆಗೆ ಬರುತ್ತೇನೆ. 1972ರಲ್ಲಿ ಸಾರ್ಟರ್ ಮತ್ತು ಬಾಯ್ಡ್ ಎಂಬಿಬ್ಬರು ಅಮೆರಿಕದ ಹಲವು ನಗರಗಳ ರಸ್ತೆ ಧೂಳನ್ನು ಜರಡಿ ಹಿಡಿದು ಪರೀಕ್ಷಿಸಿದ್ದರು. 43 ಮೈಕ್ರಾನಿಗಿಂತ ಸಣ್ಣ ಕಣಗಳು ಒಟ್ಟು ತೂಕದಲ್ಲಿ ಸುಮಾರು ಶೇ. 6 ಮಾತ್ರ, ಆದರೆ ಭಾರಲೋಹಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅವುಗಳದೇ. ಪೊರಕೆಗೆ ಸಿಗುವುದು ದಪ್ಪ ಮರಳು, ಎಲೆ, ಕಾಗದ. ವಿಷ ಹೊತ್ತ ನುಣುಪು ಪುಡಿ ಅಲ್ಲೇ ಉಳಿಯುತ್ತದೆ ಅಥವಾ ಗಾಳಿಗೆ ಏಳುತ್ತದೆ. ಆ ಗಾಳಿಯಲ್ಲಿ ಬೆಳಗಿನ ಜಾವದಿಂದ ಬಗ್ಗಿ ನಿಂತಿರುವವರು ನಮ್ಮ ಪೌರಕಾರ್ಮಿಕರು. ಉದ್ದ ಹಿಡಿಯ ಪೊರಕೆ, ಮೂಗಿಗೆ ಸರಿಯಾಗಿ ಕೂರುವ ಮುಖಗವಸು, ದೊಡ್ಡ ರಸ್ತೆಗಳಲ್ಲಿ ಧೂಳು ಹೀರುವ ಯಂತ್ರ, ಇವನ್ನು ರಸ್ತೆಯ ರಾಸಾಯನಿಕ ನಿರ್ವಹಣೆಯ ಖರ್ಚಿನಲ್ಲೇ ಬರೆಯಬೇಕು. ಅವರ ಶ್ವಾಸಕೋಶ ನಮ್ಮ ಊರಿನ ಮೊದಲ ಜರಡಿ ಆಗಿರುವುದನ್ನು ನಾವು ಒಪ್ಪಿಕೊಂಡು ಕೂರಬಾರದು.

ಬಾಚಿ ಉಳಿದದ್ದು ಮಳೆಗೆ ಕಾಯುತ್ತದೆ. ನಮ್ಮಲ್ಲಿ ಕಾರ್ತಿಕ ಕಳೆದ ಮೇಲೆ ನಾಲ್ಕೈದು ತಿಂಗಳು ಒಣ. ಆಮೇಲೆ ಅಶ್ವಿನಿಯೋ ಭರಣಿಯೋ ಒಂದು ಸಂಜೆ ದಿಢೀರನೆ ಸುರಿಯುತ್ತದೆ. ಮೊದಲ ಹತ್ತು ನಿಮಿಷ ಬೈಕುಗಳು ಜಾರಿ ಬೀಳುವುದನ್ನು ನೀವೆಲ್ಲ ಕಂಡಿದ್ದೀರಿ. ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳು, ರಬ್ಬರು ಆಗಷ್ಟೇ ನೀರಿನೊಂದಿಗೆ ಕಲೆಸಿ ಮೇಲೆ ಎದ್ದಿರುತ್ತವೆ. ಆ ಮಳೆಯ ಮೊದಲ ನೀರಿನಲ್ಲೇ ಕಲ್ಮಶದ ದೊಡ್ಡ ಪಾಲು ಇರುತ್ತದೆ. ಮೋರಿಯ ಹೂಳನ್ನು ಯುಗಾದಿಯ ಹೊತ್ತಿಗೆ ತೆಗೆಯುವುದಕ್ಕೂ ಜೂನಿನಲ್ಲಿ ತೆಗೆಯುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ತೆಗೆದ ಹೂಳನ್ನು ಮೋರಿಯ ದಂಡೆಯ ಮೇಲೇ ರಾಶಿ ಹಾಕಿ ಹೋದರೆ ಮುಂದಿನ ಮಳೆಗೆ ಅದು ಮತ್ತೆ ಒಳಗೆ ಇಳಿಯುತ್ತದೆ.

ಇದು ದಿನದಿನದ ಮಾಲಿನ್ಯ. ಒಮ್ಮೆಗೇ ಚೆಲ್ಲಿದಾಗಿನ ಮಾತು ಬೇರೆ. ಡೀಸೆಲ್ ಮತ್ತು ಬಿಟುಮೆನ್ ಎರಡೂ ಒಂದೇ ಕಚ್ಚಾತೈಲದ ಮಕ್ಕಳು, ಆದ್ದರಿಂದ ಡೀಸೆಲ್ ಚೆಲ್ಲಿದ ಕಡೆ ಡಾಂಬರು ಮೆತ್ತಗಾಗಿ ಜಲ್ಲಿ ಕಿತ್ತು ಬರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಪಂಪಿನ ಸುತ್ತ ಕಾಂಕ್ರೀಟ್ ನೆಲ ಇರುವುದಕ್ಕೆ ಇದೂ ಒಂದು ಕಾರಣ. ಕಾಂಕ್ರೀಟಿಗೆ ಶತ್ರು ಆಮ್ಲ. ಸಿಮೆಂಟಿನ ಕ್ಯಾಲ್ಸಿಯಂ ಸಂಯುಕ್ತಗಳನ್ನು ಅದು ಕರಗಿಸಿಕೊಂಡು ಹೋಗುತ್ತದೆ. ಹೀಗೆ ಯಾವ ನೆಲಕ್ಕೆ ಏನು ಬಿದ್ದಿತು ಎಂಬುದರ ಮೇಲೆ ಚಿಕಿತ್ಸೆ ಬದಲಾಗುತ್ತದೆ, ಆದರೆ ಮೊದಲ ಕೆಲಸ ಬದಲಾಗುವುದಿಲ್ಲ. ಹತ್ತಿರದ ಮೋರಿಯ ಬಾಯಿಯನ್ನು ಮಣ್ಣಿನಿಂದ, ಮರಳಿನ ಚೀಲದಿಂದ ಮುಚ್ಚಬೇಕು. ಆಮೇಲೆ ಮರಳು ಅಥವಾ ಮರದ ಹೊಟ್ಟು ಹರಡಿ, ಹೀರಿಕೊಳ್ಳಲು ಬಿಟ್ಟು, ಗುಡಿಸಿ, ಚೀಲದಲ್ಲಿ ಕಟ್ಟಿ ತೆಗೆಯಬೇಕು. ಆಸಿಡ್ ಆಗಿದ್ದರೆ ಹೊಟ್ಟನ್ನು ಹತ್ತಿರ ತರಬಾರದು. ಒಣ ಮರಳಿನಿಂದ ಒಡ್ಡು ಕಟ್ಟಿ, ತರಬೇತಾದವರು ಸುಣ್ಣ ಅಥವಾ ವಾಷಿಂಗ್ ಸೋಡಾ ಸ್ವಲ್ಪಸ್ವಲ್ಪವೇ ಹಾಕಿ ತಟಸ್ಥಗೊಳಿಸಬೇಕು.

ನಮ್ಮ ಬಹುಪಾಲು ಕಡೆ ನಡೆಯುವುದು ಇದಕ್ಕೆ ಉಲ್ಟಾ. ಪೈಪು ತಂದು ಸೋಪಿನ ಪುಡಿ ಹಾಕಿ ತೊಳೆಯುತ್ತಾರೆ. ಸೋಪು ಎಣ್ಣೆಯನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ತೇಲಿಸುತ್ತದೆ. ರಸ್ತೆ ಶುಭ್ರವಾಗುತ್ತದೆ, ಎಣ್ಣೆ ಒಂದು ಹನಿಯೂ ಕಡಿಮೆಯಾಗದೆ ಮೋರಿಗೆ ಇಳಿಯುತ್ತದೆ. ಜೀವ ಉಳಿಸಲು ತುರ್ತಾಗಿ ತೊಳೆಯಲೇಬೇಕಾದ ಸಂದರ್ಭಗಳಿವೆ, ಅದನ್ನು ಅಗ್ನಿಶಾಮಕ ದಳದವರು ನಿರ್ಧರಿಸಲಿ. ಗ್ಯಾರೇಜಿನ ಮುಂದೆ ದಿನವೂ ತೊಳೆಯುವುದಕ್ಕೆ ಅಂಥ ನೆಪವಿಲ್ಲ. ಹಳೆಯ ಎಂಜಿನ್ ಆಯಿಲ್ ಅನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಪರವಾನಗಿ ಪಡೆದ ಮರುಬಳಕೆದಾರರಿಗೇ ಕೊಡಬೇಕು. ಡಬ್ಬದಲ್ಲಿ ಹಿಡಿದಿಟ್ಟರೆ ಅದಕ್ಕೆ ಬೆಲೆಯೂ ಸಿಗುತ್ತದೆ.

ವಿದ್ಯಾರ್ಥಿಗಳಿಗೆ ಒಂದು ವಿಶೇಷ ಮಾತು. ಇಂಧನ, ರಾಸಾಯನಿಕ ಸಾಗಿಸುವ ಟ್ಯಾಂಕರಿನ ಹಿಂದೆ, ಪಕ್ಕದಲ್ಲಿ ಒಂದು ಫಲಕವಿರುತ್ತದೆ, ಅದರಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ. 1203 ಪೆಟ್ರೋಲ್, 1202 ಡೀಸೆಲ್, 1830 ಸಲ್ಫ್ಯೂರಿಕ್ ಆಮ್ಲ, 1789 ಹೈಡ್ರೋಕ್ಲೋರಿಕ್ ಆಮ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಈ ಫಲಕವನ್ನು ಕಡ್ಡಾಯ ಮಾಡಿವೆ. ಟ್ಯಾಂಕರ್ ಉರುಳಿದ್ದು ಕಂಡರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಯಲ್ಲೇ ದೂರ ನಿಂತು, ಆ ಸಂಖ್ಯೆ ಓದಲು ಸಾಧ್ಯವಾದರೆ ಓದಿ, ಫೋನ್ ಮಾಡಿ ಹೇಳಿ. ಚೆಲ್ಲಿದ ಪೆಟ್ರೋಲ್ ತುಂಬಿಕೊಳ್ಳಲು ಕೊಡ ಹಿಡಿದು ಓಡುವವರನ್ನು ಕೈಹಿಡಿದು ನಿಲ್ಲಿಸಿ. 2017ರ ಜೂನ್‌ನಲ್ಲಿ ಪಾಕಿಸ್ತಾನದ ಬಹಾವಲಪುರ ಜಿಲ್ಲೆಯಲ್ಲಿ ಹಾಗೆ ಓಡಿದವರಲ್ಲಿ 200ಕ್ಕೂ ಹೆಚ್ಚು ಜನ ಬೆಂಕಿಗೆ ಬಲಿಯಾದರು. ಬಡತನ ಅವರನ್ನು ಅಲ್ಲಿಗೆ ಓಡಿಸಿತ್ತು.

ಆಸ್ಟಿನ್‌ನಲ್ಲಿ ಮೂಲ ಸಿಕ್ಕಿತು, ನಿಲ್ಲಿಸಿದರು. ಮೂಲ ಗೊತ್ತಾಗದಿದ್ದರೆ? ಗೊತ್ತಾದರೂ ನಿಲ್ಲಿಸಲು ಕೂಡಲೇ ಆಗದಿದ್ದರೆ? ಇದಕ್ಕೆ ಅದೇ ದೇಶದ ವಾಯವ್ಯ ಮೂಲೆಯ ಸಿಯಾಟಲ್ ನೋಡಬೇಕು. ಅಲ್ಲಿ ಶರತ್ಕಾಲದ ಮಳೆ ಬಂದಾಗ ಕೋಹೊ ಸಾಲ್ಮನ್ ಮೀನುಗಳು ಸಮುದ್ರದಿಂದ ತಾವು ಹುಟ್ಟಿದ ಹೊಳೆಗಳಿಗೆ ಮೊಟ್ಟೆಯಿಡಲು ಮರಳುತ್ತವೆ. ನಗರದ ಹೊಳೆಗಳಿಗೆ ಬಂದವು ಬಾಯಿ ತೆರೆದು, ಸುತ್ತು ತಿರುಗಿ, ಮಗುಚಿಕೊಂಡು, ಕೆಲವೇ ಗಂಟೆಗಳಲ್ಲಿ ಸಾಯುತ್ತಿದ್ದವು. ಹೊಟ್ಟೆ ಸೀಳಿದರೆ ಮೊಟ್ಟೆ ಹಾಗೇ ಇರುತ್ತಿತ್ತು. ಇಪ್ಪತ್ತು ವರ್ಷದ ಹುಡುಕಾಟದ ನಂತರ, 2020ರ ಡಿಸೆಂಬರಿನಲ್ಲಿ ಝೆನ್ಯು ಟಿಯಾನ್, ಎಡ್ವರ್ಡ್ ಕೊಲೊಜೀ, ಜೆನಿಫರ್ ಮೆಕಿಂಟೈರ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಟೈರು ಬಿರಿಯದಿರಲೆಂದು ರಬ್ಬರಿಗೆ 6ಪಿಪಿಡಿ ಎಂಬ ರಾಸಾಯನಿಕ ಸೇರಿಸುತ್ತಾರೆ. ಗಾಳಿಯ ಓಝೋನ್ ರಬ್ಬರನ್ನು ಮುಟ್ಟುವ ಮೊದಲೇ 6ಪಿಪಿಡಿ ಆ ಓಝೋನನ್ನು ಎದುರಿಸಿ, ತಾನು 6ಪಿಪಿಡಿ-ಕ್ವಿನೋನ್ ಆಗಿ ಬದಲಾಗುತ್ತದೆ. ಮೀನುಗಳನ್ನು ಕೊಲ್ಲುತ್ತಿದ್ದುದು ಈ ಕ್ವಿನೋನೇ. ಪ್ರಯೋಗಕ್ಕೊಡ್ಡಿದ ಕೋಹೊಗಳಲ್ಲಿ ಅರ್ಧ ಸಾಯಲು ಲೀಟರಿಗೆ 95 ನ್ಯಾನೊಗ್ರಾಂ ಸಾಕು ಎಂದು ಮುಂದಿನ ಅಳತೆಗಳು ತೋರಿಸಿದವು. ಅದೇ ರಸ್ತೆ ನೀರಿನಲ್ಲಿ ಚಮ್ ಸಾಲ್ಮನ್ ಬದುಕಿ ಉಳಿಯುತ್ತದೆ. ಒಂದು ಜಾತಿಯ ಮೇಲೆ ಪರೀಕ್ಷಿಸಿ ನೀರು ಸುರಕ್ಷಿತ ಎಂದುಬಿಡುವುದು ಎಷ್ಟು ಅಪಾಯ ಎಂದು ಈ ಎರಡು ಮೀನುಗಳು ಹೇಳುತ್ತವೆ. ಯುರೋಕ್, ಪ್ಯುಯಾಲಪ್, ಪೋರ್ಟ್ ಗ್ಯಾಂಬಲ್ ಸ್‌ಕ್ಲಾಲಮ್ ಎಂಬ ಮೂಲನಿವಾಸಿ ಸಮುದಾಯಗಳು 2023ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗೆ ಅರ್ಜಿ ಕೊಟ್ಟವು. ಸಂಸ್ಥೆ ಅದನ್ನು ಒಪ್ಪಿ ನಿಯಂತ್ರಣದ ಕೆಲಸ ಶುರುಮಾಡಿತು. ಟೈರಿಗೆ ಸುರಕ್ಷಿತ ಬದಲಿ ಹುಡುಕುವುದು ಕಪ್ಪು ಲೇಪ ಬದಲಿಸಿದಷ್ಟು ಸುಲಭವಲ್ಲ. ಹೆದ್ದಾರಿಯಲ್ಲಿ ಬಿರಿಯುವ ಟೈರು ಮನುಷ್ಯರ ಪ್ರಾಣ ತೆಗೆಯುತ್ತದೆ.

ನನಗೆ ಅತ್ಯಂತ ಭರವಸೆ ಕೊಡುವ ಸಂಗತಿ ಈ ರಾಸಾಯನಿಕ ಪತ್ತೆಯಾಗುವುದಕ್ಕಿಂತ ಮುಂಚಿನದು. ಹೆದ್ದಾರಿಯಿಂದ ಹರಿದ ನೀರನ್ನು ಮರಳು, ಕಾಂಪೋಸ್ಟು, ಮರದ ತೊಗಟೆಯ ಚೂರುಗಳ ಪದರದ ಮೂಲಕ ಇಳಿಸಿ, ಆ ನೀರಿನಲ್ಲಿ ಕೋಹೊಗಳನ್ನು ಬಿಟ್ಟಾಗ ಅವು ಬದುಕಿದವು. 2016ರ ಹೊತ್ತಿಗೇ ಇದು ಪ್ರಕಟವಾಗಿತ್ತು. ಕೊಲ್ಲುವ ಅಣು ಯಾವುದೆಂದು ವಿಜ್ಞಾನಿಗಳಿಗೆ ತಿಳಿಯುವ ಮೊದಲೇ ಮಣ್ಣು ಅದನ್ನು ಹಿಡಿದುಕೊಂಡಿತ್ತು. ಅಲ್ಲಿ ರೂಢಿಯಲ್ಲಿರುವ ಮಿಶ್ರಣ ಶೇ. 60 ಮರಳು, ಶೇ. 40 ಕಾಂಪೋಸ್ಟು, ಆಳ ಸುಮಾರು 45 ಸೆಂಟಿಮೀಟರ್, ಮೇಲೆ ಗಿಡ. ಸಿಯಾಟಲ್‌ನ ಒಂದು ವಸತಿ ಬೀದಿಯನ್ನು 2001ರಲ್ಲೇ ಹೀಗೆ ತಿದ್ದಿದ್ದರು. ರಸ್ತೆಯನ್ನು ಕಿರಿದು ಮಾಡಿ, ಪಕ್ಕದಲ್ಲಿ ತಗ್ಗು ತೋಟ ಮಾಡಿದ ಮೇಲೆ ಆ ಬೀದಿಯಿಂದ ಹೊರಗೆ ಹರಿಯುವ ಮಳೆನೀರು ಶೇ. 98ರಷ್ಟು ಕಡಿಮೆಯಾಯಿತು.

ಬೆಂಗಳೂರಿನಲ್ಲಿ ಕೋಹೊ ಇಲ್ಲ. ಆದರೆ ಅದೇ ಟೈರು, ಅದೇ ಓಝೋನ್ ಇಲ್ಲಿಯೂ ಇವೆ. ಈ ಊರು ದಿಬ್ಬದ ಮೇಲಿದೆ. ರಸ್ತೆಯ ನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳಿಗೆ ರಾಜಕಾಲುವೆಗಳ ಮೂಲಕ ಇಳಿಯುತ್ತದೆ. ವೃಷಭಾವತಿ ಅರ್ಕಾವತಿಯನ್ನೂ ಅದು ಕಾವೇರಿಯನ್ನೂ ಸೇರುತ್ತದೆ. ಈ ದಾರಿಯಲ್ಲಿ ಮಣ್ಣಿಗೆ ಅವಕಾಶ ಕೊಡುವ ಜಾಗಗಳನ್ನು ನಾವು ಒಂದೊಂದಾಗಿ ಮುಚ್ಚುತ್ತಿದ್ದೇವೆ. ರಸ್ತೆ ವಿಭಜಕದ ತೋಟ ರಸ್ತೆಗಿಂತ ಎತ್ತರದಲ್ಲಿರುತ್ತದೆ, ಸುತ್ತ ಕಲ್ಲಿನ ಕಟ್ಟೆ. ಮಳೆನೀರು ಅದನ್ನು ಮುಟ್ಟದೆ ಹೋಗುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ಬಂದು ಅದಕ್ಕೆ ನೀರು ಹಾಕುತ್ತದೆ. ಅದೇ ತೋಟವನ್ನು ಒಂದಡಿ ತಗ್ಗಿಸಿ, ಕಟ್ಟೆಗೆ ಅಲ್ಲಲ್ಲಿ ಬಾಯಿ ಬಿಟ್ಟರೆ ಮೊದಲ ಮಳೆಯ ಕೊಳೆ ಮಣ್ಣಿನಲ್ಲಿ ನಿಲ್ಲುತ್ತದೆ. ಮರದ ಬುಡಕ್ಕೆ ಕಾಂಕ್ರೀಟ್ ಬಳಿಯುವುದನ್ನಂತೂ ಇವತ್ತೇ ನಿಲ್ಲಿಸಬಹುದು.

ಒಂದು ವಿಷಯದಲ್ಲಿ ಮಾತ್ರ ನಾನು ಎಚ್ಚರಿಕೆಯ ಮಾತು ಹೇಳಲೇಬೇಕು. ಇಂಗುಬಾವಿ ಮಾಡುವ ಉತ್ಸಾಹ ಈಗ ಎಲ್ಲೆಡೆ ಇದೆ, ಇರಬೇಕಾದ್ದೇ. ಚಾವಣಿಯ ನೀರನ್ನು ಸೋಸಿ ಇಂಗುಬಾವಿಗೆ ಬಿಡಿ. ಆದರೆ ರಸ್ತೆಯ, ಪಾರ್ಕಿಂಗಿನ ನೀರನ್ನು ಪೈಪಿನಲ್ಲಿ ತಂದು ನೇರವಾಗಿ ಬಾವಿಗೋ ಬತ್ತಿದ ಬೋರ್‌ವೆಲ್ಲಿಗೋ ಇಳಿಸುವವರಿದ್ದಾರೆ. ಮಣ್ಣು ಮಾಡಬಹುದಾದ ಕೆಲಸವನ್ನೆಲ್ಲ ತಪ್ಪಿಸಿ, ಎಣ್ಣೆಯನ್ನೂ ರಬ್ಬರಿನ ರಸವನ್ನೂ ಪಕ್ಕದ ಮನೆಯವರು ಕುಡಿಯುವ ಅಂತರ್ಜಲಕ್ಕೆ ಸೇರಿಸುವ ದಾರಿ ಅದು. ಅಂಥ ನೀರು ಮೊದಲು ಗಿಡವಿರುವ ಮಣ್ಣಿನ ಪದರದಲ್ಲಿ ನಿಂತು ಇಳಿಯಬೇಕು. ಗ್ಯಾರೇಜು, ಬಂಕು, ಡಿಪೊಗಳ ಅಂಗಳದ ನೀರನ್ನಂತೂ ಇಂಗಿಸಲೇಬಾರದು. ಅಲ್ಲಿ ಮೇಲೆ ಸೂರು, ಕೆಳಗೆ ಕಾಂಕ್ರೀಟು, ಎಣ್ಣೆ ಬೇರ್ಪಡಿಸುವ ತೊಟ್ಟಿ ಬೇಕು.

ಹಿಡಿದಿಟ್ಟುಕೊಂಡ ಮಣ್ಣು ಕೂಡ ಎಂದಾದರೂ ತುಂಬುತ್ತದೆ. ಲೋಹಗಳು ಮತ್ತು ಪಿಎಎಚ್‌ಗಳು ಹೆಚ್ಚಾಗಿ ಮೇಲಿನ ಕೆಲವು ಅಂಗುಲಗಳಲ್ಲೇ ಸೇರುತ್ತವೆ. ಕಾಲಕಾಲಕ್ಕೆ ಆ ಪದರವನ್ನು ಪರೀಕ್ಷೆ ಮಾಡಿಸಿ, ಕೆರೆದು, ಹೊಸ ಮಣ್ಣು ತುಂಬಬೇಕು. ಕೆರೆದ ಮಣ್ಣು ಹೊಲಕ್ಕೂ ಪಾರ್ಕಿಗೂ ಹೋಗದೆ, ಪರೀಕ್ಷೆಯ ಫಲಿತಾಂಶ ನೋಡಿ ಸೂಕ್ತ ವಿಲೇವಾರಿ ಘಟಕಕ್ಕೆ ಹೋಗಬೇಕು. ರಸ್ತೆಯ ಟೆಂಡರಿನಲ್ಲಿ ಜಲ್ಲಿ, ಡಾಂಬರು, ಬಣ್ಣದ ಪಟ್ಟಿಗಳ ಲೆಕ್ಕವಿರುವ ಪಟ್ಟಿಯಲ್ಲೇ ಈ ಮಣ್ಣಿನ ನಿರ್ವಹಣೆಗೆ ಪ್ರತ್ಯೇಕ ಬಾಬ್ತು, ಪ್ರತ್ಯೇಕ ಹಣ, ಹೊಣೆ ಹೊರುವ ಎಂಜಿನಿಯರ್ ಹುದ್ದೆಯ ಹೆಸರು ಇರಲಿ ಎಂದು, ಸಭೆಯಲ್ಲಿರುವ ಪಾಲಿಕೆಯ ಅಧಿಕಾರಿಗಳನ್ನು ಈ ವೇದಿಕೆಯಿಂದ ಕೇಳಿಕೊಳ್ಳುತ್ತಿದ್ದೇನೆ.